ಇನ್ನೂರ ಹದಿನಾಲ್ಕು ಲಾಗ್ ಫೈಲುಗಳು

ನನ್ನ ಉದ್ದನೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೀಗೆ ಬರೆದಿದೆ: ‘೨೦೦೧ ಏಪ್ರಿಲ್ ೨೧, ಶನಿವಾರ. ಅಳಿಸಿದ ಲಾಗ್ ಫೈಲು ೨೧೪. ತೆರವಾದ ಜಾಗ ೩೮ ಎಂ.ಬಿ. ಉಳಿದದ್ದು ೦.’ ಆ ಸೊನ್ನೆಯ ಸುತ್ತ ಪೆನ್ಸಿಲ್ಲಿನಲ್ಲಿ ಇನ್ನೊಂದು ಸೊನ್ನೆ ಸುತ್ತಿದ್ದೇನೆ. ಆ ದಿನಗಳಲ್ಲಿ ಕೊನೆಗೆ ಸೊನ್ನೆ ಬಂದರೆ ನನಗೆ ಏನೋ ಗೆದ್ದ ಹಾಗೆ ಅನ್ನಿಸುತ್ತಿತ್ತು.

ಈ ಒಂದು ಸಾಲಿನಿಂದ ಒಬ್ಬರಿಗೆ ಏನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಅವರು ಬದುಕಿರುವಾಗ ಬರೆಯುವ ಹಾಗಿರಲಿಲ್ಲ. ಅವರು ತೀರಿಕೊಂಡು ಈಗ ಆರು ತಿಂಗಳಾಯಿತು.

ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಿಂದ ನಾನು ದಿನಚರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಎಣಿಕೆ ಜಾಸ್ತಿ. ಎಷ್ಟು ಬಸ್ಸು ಹತ್ತಿದೆ, ಎಷ್ಟು ಪುಟ ಓದಿದೆ, ಮನೆಯ ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬಂತು, ಇಂಥವು. ‘ಇದನ್ನೆಲ್ಲ ಯಾರಿಗೆ ಒಪ್ಪಿಸ್ಬೇಕೇ?’ ಎಂದು ಅಮ್ಮ ಕೇಳುತ್ತಿದ್ದಳು. ಯಾರಿಗೂ ಇಲ್ಲ. ಬರೆದಿಟ್ಟದ್ದು ಕಳೆದುಹೋಗುವುದಿಲ್ಲ ಎಂಬ ನಂಬಿಕೆ ಅಷ್ಟೆ.

ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ಬೆಳಿಗ್ಗೆ ಬಸವನಗುಡಿಯಲ್ಲಿ ಬಿ.ಕಾಂ. ಓದುತ್ತ, ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಹಳೆಯ ಮನೆಯೊಂದರ ಮುಂದಿನ ಕೋಣೆಯೇ ಅಂಗಡಿ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಲೆಟರ್‌ಹೆಡ್ಡು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ಟ್ರೇಸಿಂಗ್ ಕಾಗದದ ಮೇಲೆ ಪ್ರಿಂಟು ತೆಗೆದು ಹತ್ತಿರದ ಪ್ರೆಸ್ಸಿಗೆ ಕೊಡುವುದು ನಮ್ಮ ಕೆಲಸ. ಪತ್ರಿಕೆಗಳಿಗೆಂದೇ ಒಂದು ಕಂಪ್ಯೂಟರು. ಅದರಲ್ಲಿ ಕೆಲಸ ಮಾಡುವವರು ಇಬ್ಬರು: ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಫೋರ್‌ಮನ್, ಆಮೇಲೆ ನಾನು. ಕಂಪ್ಯೂಟರಿನ ಮಟ್ಟಿಗೆ ಅವರು ಒಂದನೇ ನಂಬರು, ನಾನು ಎರಡನೇ ನಂಬರು.

ಅಂಗಡಿಯಲ್ಲಿ ಫೋರ್‌ಮನ್ ಎಂಬ ಹುದ್ದೆ ಇರಲಿಲ್ಲ. ಅವರು ಮೂವತ್ತೊಂದು ವರ್ಷ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಕೊನೆಯ ಒಂಬತ್ತು ವರ್ಷ ಅಲ್ಲಿ ಫೋರ್‌ಮನ್. ಆ ಪ್ರೆಸ್ಸು ಮುಚ್ಚಿತು, ಹೆಸರು ಉಳಿಯಿತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಮೊಳೆಯ ಖಾನೆಯಲ್ಲಿ ಹೆಚ್ಚು ಬೇಕಾಗುವ ಅಕ್ಷರ ಕೈಯ ಹತ್ತಿರ ಇರುತ್ತಿತ್ತು, ಈ ಕೀಬೋರ್ಡನ್ನು ಕನ್ನಡವೇ ಬರದವನು ಯಾರೋ ಜೋಡಿಸಿದ್ದಾನೆ ಎಂದು ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದರು. ಆದರೆ ಅವರು ಓದಿದ ಪ್ರೂಫಿನಲ್ಲಿ ತಪ್ಪು ಉಳಿಯುತ್ತಿರಲಿಲ್ಲ. ನಾನು ಸೇರಿದ ಮೇಲೆ ಹದಿನಾಲ್ಕು ತಿಂಗಳಲ್ಲಿ ಅವರ ಕಣ್ಣು ತಪ್ಪಿಸಿಕೊಂಡು ಅಚ್ಚಾದ ತಪ್ಪುಗಳು ಎರಡು. ಎರಡನ್ನೂ ಬರೆದಿಟ್ಟುಕೊಂಡಿದ್ದೆ. ಅದು ಗೊತ್ತಾದಾಗ, ‘ಮೂರನೇದಕ್ಕೆ ಜಾಗ ಬಿಡ್ಬೇಡ ಕಣಮ್ಮ’ ಎಂದಿದ್ದರು.

ಶನಿವಾರದ ಕೆಲಸವನ್ನು ನನಗೆ ಹಚ್ಚಿದವರೂ ಅವರೇ. ನಾವು ಬಳಸುತ್ತಿದ್ದ ಕನ್ನಡ ತಂತ್ರಾಂಶಕ್ಕೆ ಒಂದು ಚಾಳಿ ಇತ್ತು. ಪ್ರತಿ ಸಲ ತೆರೆದಾಗಲೂ ಒಂದು ಲಾಗ್ ಫೈಲು ಹುಟ್ಟಿಸುತ್ತಿತ್ತು. ಯಾವ ನಂಬರಿನವರು ಯಾವ ಹೊತ್ತಿಗೆ ಯಾವ ಪತ್ರಿಕೆ ತೆರೆದರು, ಯಾವಾಗ ಉಳಿಸಿದರು, ಯಾವಾಗ ಪ್ರಿಂಟು ಕೊಟ್ಟರು ಎಂಬುದನ್ನೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದುಕೊಳ್ಳುತ್ತಿತ್ತು. ಮುಚ್ಚಿದ ಮೇಲೂ ಆ ಫೈಲು ಹೋಗುತ್ತಿರಲಿಲ್ಲ. ವಾರಕ್ಕೆ ನೂರು, ಇನ್ನೂರು ಕೂಡಿಕೊಂಡು, ಚಿಕ್ಕ ಹಾರ್ಡ್ ಡಿಸ್ಕು ತುಂಬಿ, ಪ್ರಿಂಟು ಅರ್ಧದಲ್ಲಿ ನಿಲ್ಲುತ್ತಿತ್ತು. ಅವನ್ನು ಹುಡುಕಿ ಅಳಿಸುವುದು ನನ್ನ ಪಾಲಿನ ಕೆಲಸ.

ಫೋರ್‌ಮನ್ನರಿಗೆ ಅದು ಹೊಸ ವಿಷಯವೇ ಆಗಿರಲಿಲ್ಲ. ಪ್ರೆಸ್ಸಿನಲ್ಲಿ ಅಚ್ಚಾದ ಪುಟವನ್ನು ಕಳಚಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಾಕಬೇಕಿತ್ತು. ಹಾಕದಿದ್ದರೆ ಮರುದಿನ ಅಕ್ಷರವಿಲ್ಲ. ‘ಖಾನೆ ತುಂಬದೆ ಮನೆಗೆ ಹೋದೋನು ಕಂಪೋಸಿಟರ್ರೇ ಅಲ್ಲ’ ಎನ್ನುತ್ತಿದ್ದರು. ಶನಿವಾರ ಮಾತ್ರ ಅವರು ನಾಲ್ಕಕ್ಕೆ ಏಳುತ್ತಿರಲಿಲ್ಲ. ನಾನು ಅಳಿಸಿ ಮುಗಿಸುವ ತನಕ ಕೂತಿದ್ದು, ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳುತ್ತಿದ್ದರು:

‘ಖಾನೆಗೆ ಹೋಯ್ತಾ?’

‘ಹೋಯ್ತು ಸಾರ್.’

ಅಷ್ಟಾದರೆ ವಾರ ಮುಗಿದ ಹಾಗೆ. ನಾನು ನೋಟ್‌ಬುಕ್ಕಿನಲ್ಲಿ ಎಣಿಕೆ ಬರೆಯುತ್ತಿದ್ದೆ.

ಆ ವರ್ಷದ ಯುಗಾದಿ ಕಳೆಯುತ್ತಿದ್ದಂತೆ ಲಗ್ನಪತ್ರಿಕೆಗಳ ಕೆಲಸ ಶುರುವಾಯಿತು. ಕುಮಾರ ಪಾರ್ಕಿನ ಒಂದು ಮನೆಯವರು ಮಗನ ಮದುವೆಯ ಪತ್ರಿಕೆ ಕೊಟ್ಟರು. ಪ್ರತಿ ಪತ್ರಿಕೆಯನ್ನೂ ಹೊಸದಾಗಿ ಜೋಡಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಹಿಂದೆ ಮಾಡಿದ ಬೇರೆ ಮನೆಯವರ ಪತ್ರಿಕೆ ತೆರೆದು, ಹೆಸರು, ಮುಹೂರ್ತ, ಛತ್ರ ಬದಲಿಸಿ ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದೆ. ಫೋರ್‌ಮನ್ನರಿಗೆ ಇದು ಸೇರುತ್ತಿರಲಿಲ್ಲ. ಇನ್ನೊಬ್ಬರ ಮನೆಯ ಎಂಜಲೆಲೆಯ ಮೇಲೆ ಬಡಿಸಿದಂತೆ ಎನ್ನುತ್ತಿದ್ದರು. ಅವರು ಮಾತ್ರ ಪ್ರತಿ ಸಲ ಖಾಲಿ ಹಾಳೆಯಿಂದ ಆರಂಭಿಸುತ್ತಿದ್ದರು.

ಸೋಮವಾರ ಸಂಜೆ ನಾನು ಆ ಪತ್ರಿಕೆ ಮಾಡಿಟ್ಟೆ. ಹಳೆಯ ಪತ್ರಿಕೆಯಲ್ಲಿ ವರನ ತಾತ ತೀರಿಕೊಂಡಿದ್ದವರು. ಅವರ ಹೆಸರಿನ ಮುಂದೆ ‘ದಿ||’ ಎಂದಿತ್ತು. ನಾನು ಹೆಸರನ್ನು ಮಾತ್ರ ಬದಲಿಸಿ ‘ದಿ||’ ಅನ್ನು ಹಾಗೆಯೇ ಬಿಟ್ಟಿದ್ದೆ. ಕುಮಾರ ಪಾರ್ಕಿನ ತಾತನಿಗೆ ಎಂಬತ್ತೊಂದು ವರ್ಷ, ಗಟ್ಟಿಮುಟ್ಟಾಗಿದ್ದರು. ಮಂಗಳವಾರ ಬೆಳಿಗ್ಗೆ ಪ್ರೂಫು ಓದಿದ ಫೋರ್‌ಮನ್ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಹಾಕಿ, ತಾವೇ ತಿದ್ದಿ, ಮನೆಯವರಿಗೆ ತೋರಿಸಿ, ‘ಸರಿ ಇದೆ’ ಎಂದು ಸಹಿ ಹಾಕಿಸಿಕೊಂಡರು. ಕೆಂಪು ಗೆರೆ ಎಳೆದ ಪ್ರೂಫನ್ನು ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದರು. ಬೈದಿರಲಿಲ್ಲ.

ಗುರುವಾರ ಮಧ್ಯಾಹ್ನ ಆ ಮನೆಯವರು ಫೋನು ಮಾಡಿ, ಆಗಮನಾಭಿಲಾಷಿಗಳ ಪಟ್ಟಿಗೆ ಒಬ್ಬ ಚಿಕ್ಕಪ್ಪನ ಹೆಸರು ಸೇರಿಸಬೇಕೆಂದರು. ಫೋನು ತೆಗೆದುಕೊಂಡವರು ಫೋರ್‌ಮನ್. ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಅದು ದಿನದ ಮಾತು. ಯುಪಿಎಸ್ ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾಯಿತು. ನಾಲ್ಕಾದ ಮೇಲೆ ಅವರು ಹೊರಟರು. ಕರೆಂಟು ಬಂದ ಮೇಲೆ ನನಗೆ ಕೈತುಂಬ ಕೆಲಸ. ಆ ದಿನದ ನನ್ನ ಬರಹ: ‘ಪತ್ರಿಕೆ ೬, ತಿದ್ದುಪಡಿ ೧೧.’ ಯಾವ ಆರು, ಯಾವ ಹನ್ನೊಂದು ಎಂದು ಬರೆದಿಲ್ಲ.

ಪ್ರೆಸ್ಸಿಗೆ ಹೋಗುವ ಮುಂಚೆ ತಿದ್ದಿದ ಸಾಲನ್ನಷ್ಟೇ ನೋಡುವುದು ನಮ್ಮ ರೂಢಿ. ಒಮ್ಮೆ ಸಹಿಯಾದ ಪತ್ರಿಕೆಯನ್ನು ಮೇಲಿನಿಂದ ಕೆಳಗೆ ಯಾರೂ ಮತ್ತೆ ಓದುತ್ತಿರಲಿಲ್ಲ. ಶನಿವಾರ ಬಂತು. ಇನ್ನೂರ ಹದಿನಾಲ್ಕು ಫೈಲು ಅಳಿಸಿದೆ. ಖಾನೆಗೆ ಹೋಯ್ತಾ ಎಂದರು, ಹೋಯ್ತು ಎಂದೆ.

ಏಪ್ರಿಲ್ ಮೂವತ್ತು, ಸೋಮವಾರ, ನಾನು ಎರಡು ಗಂಟೆಗೆ ಬಂದಾಗ ಅಂಗಡಿಯ ಯಜಮಾನರು ಫೋನಿನ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಪತ್ರಿಕೆಗಳು ಅಚ್ಚಾಗಿ, ಅರಿಶಿನ ಹಚ್ಚಿ, ಅರ್ಧಕ್ಕಿಂತ ಹೆಚ್ಚು ಹಂಚಿಯಾಗಿತ್ತು. ಹಿಂದಿನ ದಿನ ಮೈಸೂರಿನ ನೆಂಟರೊಬ್ಬರು ಪತ್ರಿಕೆ ನೋಡಿ, ನಮಗೊಂದು ಮಾತು ತಿಳಿಸಲಿಲ್ಲವಲ್ಲ ಎಂದು ಕಣ್ಣೊರೆಸಿಕೊಳ್ಳುತ್ತ ಕುಮಾರ ಪಾರ್ಕಿಗೆ ಬಂದಿದ್ದರು. ಬಾಗಿಲು ತೆರೆದವರು ಆ ತಾತನೇ. ಎಲ್ಲ ಪತ್ರಿಕೆಯಲ್ಲೂ ಅವರ ಹೆಸರಿನ ಮುಂದೆ ‘ದಿ||’ ಇತ್ತು.

ಯಜಮಾನರು ಜಗಳಕ್ಕೆ ಹೆದರುವ ಮನುಷ್ಯ. ಹೊಸದಾಗಿ ಅಚ್ಚು ಹಾಕಿಸಿಕೊಡಲು ಒಪ್ಪಿದ್ದರು. ಆದರೆ ವರನ ತಂದೆ ಅಷ್ಟಕ್ಕೆ ಬಿಡಲಿಲ್ಲ. ಶುಭಕಾರ್ಯದ ಹೊತ್ತಿಗೆ ಇಂಥ ಅಪಶಕುನ ಮಾಡಿದವರು ಯಾರು, ಅವರು ಇನ್ನೂ ಅಲ್ಲಿ ಕೂತು ಊರಿನವರ ಪತ್ರಿಕೆ ಮಾಡುತ್ತಿದ್ದಾರೆಯೇ ಎಂದು ಕೇಳುತ್ತಿದ್ದರು.

ಬುಧವಾರ ಮೂರು ಗಂಟೆಗೆ ಅಂಗಡಿಯ ಮುಂದೆ ಆಟೋ ನಿಂತಿತು. ಕಚ್ಚೆಪಂಚೆ, ಬಿಳಿ ಕೋಟು ತೊಟ್ಟ ಎತ್ತರದ ಮುದುಕರು ಮೆಟ್ಟಿಲು ಹತ್ತಿ ಬಂದು ಸುತ್ತ ನೋಡಿದರು.

‘ನಾನೇಪ್ಪಾ ಆ ದಿವಂಗತ’ ಎಂದರು. ‘ಕೂತ್ಕೋಬಹುದಾ?’

ಯಜಮಾನರು ಕುರ್ಚಿ ಎಳೆದರು. ತಾತ ಕೂತು, ನೀರು ಕೇಳಿ ಕುಡಿದು, ಮನೆಯಲ್ಲಿ ಮಗಳು ಅಳುತ್ತಿದ್ದಾಳೆ, ಮಗ ಕೂಗಾಡುತ್ತಿದ್ದಾನೆ, ನನಗೆ ಮಾತ್ರ ಆ ಅಕ್ಷರ ಹಾಕಿದ ಕೈ ನೋಡಬೇಕು ಅನ್ನಿಸಿತು, ಅದಕ್ಕೇ ಬಂದೆ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ‘ಇಪ್ಪತ್ತೆಂಟು ವರ್ಷದಿಂದ ನನ್ನ ಸೊಸೆ ಕೈಲಿ ಆಗದ್ದನ್ನ ನೀವು ಎರಡು ಗೆರೇಲಿ ಮುಗಿಸ್ಬಿಟ್ರಲ್ಲ, ಯಾರ್ರೀ ಅದು?’ ಎಂದು ನಕ್ಕರು.

ಯಾರೂ ನಗಲಿಲ್ಲ. ಫೋರ್‌ಮನ್ ಎದ್ದು ನಿಂತಿದ್ದರು. ಕೈ ಮುಗಿದಿದ್ದರೋ ಒಂದನ್ನೊಂದು ಹಿಡಿದುಕೊಂಡಿದ್ದರೋ ಗೊತ್ತಾಗುತ್ತಿರಲಿಲ್ಲ.

‘ನಾನೇ ಹಾಕಿರ್ಬೇಕು ಸ್ವಾಮಿ’ ಎಂದರು. ‘ಕೊನೇಲಿ ತಿದ್ದಿದ್ದು ನಾನೇ. ಚೀಟಿ ನನ್ನ ಬರಹದಲ್ಲೇ ಇದೆ.’

ಯಜಮಾನರು ನನ್ನ ಕಡೆ ತಿರುಗಿ, ಕಂಪ್ಯೂಟರು ಎಲ್ಲವನ್ನೂ ಬರೆದುಕೊಳ್ಳುತ್ತದಲ್ಲ, ಗುರುವಾರ ಕೊನೆಗೆ ಯಾರು ತೆರೆದರು ನೋಡು ಎಂದರು. ನಾನು ಫೋಲ್ಡರು ತೆರೆದೆ. ಅದರಲ್ಲಿದ್ದವು ಹೊಸ ಫೈಲುಗಳು ಮಾತ್ರ.

‘ಶನಿವಾರ ತೆಗೆದುಬಿಟ್ಟೆ ಸಾರ್’ ಎಂದೆ.

‘ಅವಳ ತಪ್ಪಿಲ್ಲ. ತೆಗೆಯೋಕೆ ಹೇಳ್ಕೊಟ್ಟಿದ್ದೇ ನಾನು’ ಎಂದರು ಫೋರ್‌ಮನ್, ನನ್ನ ಬೆನ್ನ ಹಿಂದಿನಿಂದ.

ಆ ಗಳಿಗೆಯಲ್ಲಿ ನನಗೆ ಆದದ್ದೇನು ಎಂಬುದನ್ನು ಸರಿಯಾಗಿ ಬರೆಯಬೇಕು. ಮೊದಲು ಆದದ್ದು ಸಮಾಧಾನ. ಬೇಕಾದ ಫೈಲು ಅಲ್ಲಿ ಇಲ್ಲವಲ್ಲ ಎಂಬ ಸಮಾಧಾನ. ಆ ಗುರುವಾರ ಚಿಕ್ಕಪ್ಪನ ಹೆಸರು ಸೇರಿಸಿದ ನೆನಪು ನನಗಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಮೇಜಿನ ಮೇಲೆ ಒಂದು ಚೀಟಿ ನೋಡಿದ ನೆನಪು ಇತ್ತು. ಆ ಚೀಟಿಯೋ ಬೇರೆಯದೋ ಹೇಳುವ ಹಾಗಿರಲಿಲ್ಲ. ಹೇಳುವ ಹಾಗಿರಲಿಲ್ಲ ಎಂಬುದನ್ನೇ ಹಿಡಿದುಕೊಂಡು ಸುಮ್ಮನಿದ್ದೆ. ‘ಸಾರ್, ನಾನೂ ಆಗಿರಬಹುದು’ ಎಂಬ ಮೂರು ಪದ ಬಾಯಿಯವರೆಗೆ ಬಂದು ನಿಂತವು. ತಾತ ಎದ್ದು, ಫೋರ್‌ಮನ್ನರ ಭುಜ ತಟ್ಟಿ, ‘ಹೋಗ್ಲಿ ಬಿಡಿ, ಬರೋದನ್ನ ಸ್ವಲ್ಪ ಮುಂಚೆ ಬರೆದ್ರಿ’ ಎಂದು ಹೇಳಿ ಆಟೋ ಹತ್ತಿದರು.

ಮೇ ಐದು, ಶನಿವಾರ ಅವರ ಕೊನೆಯ ದಿನ. ಯಜಮಾನರು ಹೋಗಿ ಎಂದು ಹೇಳಲಿಲ್ಲ. ವರನ ಕಡೆಯವರು ಕೇಳುತ್ತಿದ್ದಾರೆ ಎಂದಷ್ಟೇ ಹೇಳಿದರು. ಫೋರ್‌ಮನ್ ತಮ್ಮ ಕನ್ನಡಕದ ಡಬ್ಬಿ, ಕೆಂಪು ಶಾಯಿಯ ಪೆನ್ನು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡರು. ಆ ದಿನ ನಾನು ಅಳಿಸಿದ ಲಾಗ್ ಫೈಲು ೧೬೩. ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ಎಂದಿನ ಪ್ರಶ್ನೆ ಕೇಳಲಿಲ್ಲ. ಬೀದಿಯ ಕೊನೆಯವರೆಗೂ ನೋಡಿದೆ. ತಿರುಗಿ ನೋಡಲಿಲ್ಲ.

ಅಕ್ಟೋಬರಿನಲ್ಲಿ, ನವರಾತ್ರಿಗೆ ಸ್ವಲ್ಪ ಮುಂಚೆ, ಕುಮಾರ ಪಾರ್ಕಿನ ತಾತ ತೀರಿಕೊಂಡರೆಂದು ಯಜಮಾನರು ಹೇಳಿದರು. ನಿದ್ದೆಯಲ್ಲಿ ಹೋದರಂತೆ. ವಯಸ್ಸಾಗಿತ್ತು ಎಂದು ಅವರೂ ಅಂದರು, ನಾನೂ ಅಂದೆ. ದಿನಚರಿಯಲ್ಲಿ ಬರೆದುಕೊಂಡೆ. ಮುಂದಿನ ವರ್ಷ ಡಿಗ್ರಿ ಮುಗಿಯಿತು, ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಅಂಗಡಿ ಬಿಟ್ಟೆ.

೨೦೦೬ರ ಜೂನಿನಲ್ಲಿ ಯಜಮಾನರ ಫೋನು ಬಂತು. ಲಗ್ನಪತ್ರಿಕೆಯ ಕೆಲಸ ಬಿಟ್ಟು ಫ್ಲೆಕ್ಸ್ ಬೋರ್ಡಿನ ಅಂಗಡಿ ಇಡುತ್ತಿದ್ದರು. ಹಳೆಯ ಕಂಪ್ಯೂಟರುಗಳನ್ನು ಗುಜರಿಯವರಿಗೆ ಕೊಡುವ ಮುಂಚೆ ಜನರ ಪತ್ರಿಕೆಗಳನ್ನೆಲ್ಲ ಅಳಿಸಬೇಕು, ಈ ಮೆಷಿನ್ನು ನಿನಗೇ ಗೊತ್ತು, ಒಂದು ಶನಿವಾರ ಬಂದು ಹೋಗಮ್ಮ ಎಂದರು.

ಜೂನ್ ಹತ್ತು, ಶನಿವಾರ ಹೋದೆ. ಕುರ್ಚಿ ಬೇರೆ, ಗೋಡೆಯ ಬಣ್ಣ ಬೇರೆ, ಕಂಪ್ಯೂಟರು ಮಾತ್ರ ಅದೇ. ಹಳೆಯ ಅಭ್ಯಾಸದಂತೆ ಮೊದಲು ಲಾಗ್ ಫೈಲುಗಳ ಫೋಲ್ಡರು ಖಾಲಿ ಮಾಡಿದೆ. ಈ ಸಲ ನಿಜವಾಗಿಯೂ ಏನೂ ಉಳಿಯಬಾರದೆಂದು, ಕಂಪ್ಯೂಟರು ಮುಚ್ಚಿಟ್ಟಿರುವ ಫೋಲ್ಡರುಗಳೂ ಕಾಣುವ ಹಾಗೆ ಮಾಡಿ ನೋಡಿದೆ. ಆ ಕನ್ನಡ ತಂತ್ರಾಂಶದ ಒಳಗೆ ನಾನು ಎಂದೂ ನೋಡಿರದ ಒಂದು ಫೋಲ್ಡರು ಇತ್ತು. ಅದರಲ್ಲಿ ನಲವತ್ತಾರು ಫೈಲು.

ಒಂದೊಂದನ್ನೇ ತೆರೆದು ನೋಡಿದ ಮೇಲೆ ಅರ್ಥವಾಯಿತು. ಕರೆಂಟು ಹೋಗಿ ಕೆಲಸ ಅರ್ಧಕ್ಕೆ ನಿಂತ ದಿನಗಳಲ್ಲಿ ಮಾತ್ರ ಆ ತಂತ್ರಾಂಶ ತೆರೆದಿದ್ದ ಪತ್ರಿಕೆಯ ಒಂದು ಪ್ರತಿಯನ್ನೂ ಆ ದಿನದ ಲಾಗನ್ನೂ ಇಲ್ಲಿ ಬಚ್ಚಿಡುತ್ತಿತ್ತು. ಮತ್ತೆ ತೆರೆದಾಗ, ಇಟ್ಟುಕೊಂಡ ಪ್ರತಿಯನ್ನು ತರಲೇ ಎಂದು ಕೇಳುತ್ತಿತ್ತು. ಒಂದು ಪತ್ರಿಕೆಗೆ ಒಂದೇ ಪ್ರತಿ; ಬೇಡ ಎಂದರೂ ಮೊದಲು ಇಟ್ಟುಕೊಂಡದ್ದೇ ಉಳಿಯುತ್ತಿತ್ತು. ಓದದೆಯೇ ಹೌದು ಎಂದು ಒತ್ತುವುದು ನನ್ನ ಅಭ್ಯಾಸ. ಅಂಗಡಿಯಲ್ಲಿದ್ದಷ್ಟು ಕಾಲ ಪ್ರತಿ ಶನಿವಾರ ನಾನು ಸೊನ್ನೆಗೆ ತಂದೆನೆಂದು ಸುತ್ತು ಹಾಕಿದ್ದು ಒಂದೇ ಒಂದು ಖಾನೆಯನ್ನು.

೨೦೦೧ರ ಏಪ್ರಿಲ್ ಹತ್ತೊಂಬತ್ತರ ಫೈಲು ಅಲ್ಲಿತ್ತು. ಮಧ್ಯಾಹ್ನ ೩:೪೦ಕ್ಕೆ ಒಂದನೇ ನಂಬರು ಕುಮಾರ ಪಾರ್ಕಿನ ಪತ್ರಿಕೆ ತೆರೆದು, ಇಟ್ಟುಕೊಂಡ ಪ್ರತಿ ಬೇಡ ಎಂದಿದ್ದರು. ೩:೪೬ಕ್ಕೆ ಎಲ್ಲ ನಿಂತಿತ್ತು. ಅವರು ಏನನ್ನೂ ಉಳಿಸಿರಲಿಲ್ಲ. ೪:೩೫ಕ್ಕೆ ಎರಡನೇ ನಂಬರು ಅದೇ ಪತ್ರಿಕೆ ತೆರೆದಿತ್ತು. ಇಟ್ಟುಕೊಂಡ ಪ್ರತಿ ತರಲೇ ಎಂಬುದಕ್ಕೆ ಉತ್ತರ, ಹೌದು. ಆ ಪ್ರತಿಯ ದಿನಾಂಕ ಏಪ್ರಿಲ್ ಹದಿನಾರು, ಸೋಮವಾರ. ಸೋಮವಾರ ಸಂಜೆಯೂ ಕರೆಂಟು ಹೋಗಿತ್ತು. ಫೋರ್‌ಮನ್ ‘ದಿ||’ ಹೊಡೆದು ಹಾಕುವ ಮುಂಚಿನ, ನಾನು ಮಾಡಿಟ್ಟ ಪತ್ರಿಕೆ ಅದು. ೪:೪೧ಕ್ಕೆ ಉಳಿಸಿದ್ದು, ೪:೪೩ಕ್ಕೆ ಪ್ರಿಂಟು. ಎರಡೂ ಎರಡನೇ ನಂಬರು.

ಹೊತ್ತುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಮರುದಿನ ಭಾನುವಾರ ಮಾವಳ್ಳಿಗೆ ಹೋದೆ. ಲಾಲ್‌ಬಾಗಿನ ಗೋಡೆಗೆ ಹತ್ತಿರದ ಓಣಿಯಲ್ಲಿ ಫೋರ್‌ಮನ್ನರ ಎರಡು ಕೋಣೆಯ ಮನೆ. ಅವರು ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಗುರುತು ಹಿಡಿದು ಒಳಗೆ ಕೂರಿಸಿದರು. ಮೂರನೇ ಕ್ಲಾಸಿನ ಮೊಮ್ಮಗಳು ನೆಲದ ಮೇಲೆ ಕೂತು ಕಾಪಿ ಬರೆಯುತ್ತಿದ್ದಳು. ನೀವೇ ಬರೆಸಿದ್ದಾ, ಅಕ್ಷರ ಚೆನ್ನಾಗಿದೆ ಎಂದೆ, ಏನೋ ಒಂದು ಮಾತಾಡಬೇಕೆಂದು. ಅವರು ದನಿ ತಗ್ಗಿಸಿದರು.

ಕೆಲಸ ಬಿಟ್ಟ ವರ್ಷದ ನವರಾತ್ರಿಯ ಹೊತ್ತಿಗೆ ಆ ತಾತ ತೀರಿಕೊಂಡ ಸುದ್ದಿ ಗಾಂಧಿ ಬಜಾರಿನಲ್ಲಿ ಯಾರಿಂದಲೋ ಫೋರ್‌ಮನ್ನರ ಕಿವಿಗೆ ಬಿದ್ದಿತ್ತಂತೆ. ವಿಜಯದಶಮಿಗೆ ಮೊಮ್ಮಗಳ ಅಕ್ಷರಾಭ್ಯಾಸ ಇಟ್ಟುಕೊಂಡಿದ್ದರು. ಮಕ್ಕಳಿಬ್ಬರಿಗೂ ಅಕ್ಕಿಯ ಮೇಲೆ ಬೆರಳು ಹಿಡಿದು ಮೊದಲ ಅಕ್ಷರ ಬರೆಸಿದವರು ಇವರೇ. ಓಣಿಯ ಎಷ್ಟೋ ಮನೆಯವರು ಮಗುವನ್ನು ಎತ್ತಿಕೊಂಡು ಇವರ ಹತ್ತಿರ ಬರುತ್ತಿದ್ದರು.

‘ತಟ್ಟೇಲಿ ಅಕ್ಕಿ ಹರಡಿ, ಮಗೂನ ಕೂರ್ಸಿ ಎಲ್ಲಾ ಆಗಿತ್ತು ಕಣಮ್ಮ. ಇವರು ಏಳ್ಲೇ ಇಲ್ಲ. ಬದುಕಿರೋರಿಗೆ ದಿವಂಗತ ಬರೆದ ಕೈ ಇದು, ಮಗೂನ ಮುಟ್ಟಲ್ಲ ಅಂದ್ರು. ಅವತ್ತಿಂದ ಇವತ್ತಿನ ತನಕ ಒಂದು ಕಾಗದ ಕೂಡ ಬರೆದಿಲ್ಲ.’

ಫೋರ್‌ಮನ್ ಒದ್ದೆ ತಲೆಯಲ್ಲಿ ಬಂದು ಎದುರು ಕೂತರು. ಸಣ್ಣಗಾಗಿದ್ದರು. ನಾನು ಬಂದ ವಿಷಯವನ್ನು ಸುತ್ತಿ ಬಳಸದೆ ಹೇಳಿದೆ. ಹೊತ್ತುಗಳನ್ನು ಓದು ಎಂದರು. ಓದಿದೆ. ಇನ್ನೊಂದು ಸಲ ಎಂದರು. ಇನ್ನೊಂದು ಸಲ ಓದಿದೆ.

‘ಹಾಗಾದ್ರೆ ಅದು ನನ್ನ ಕೈಯಲ್ಲ’ ಎಂದರು.

‘ಅಲ್ಲ ಸಾರ್. ನನ್ನದು.’

ತಮ್ಮ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ಮತ್ತೆ ಅಲ್ಲೇ ಇಟ್ಟರು. ಮೊಮ್ಮಗಳು ಒಂದು ಪುಟ ಮುಗಿಸಿ ಮಗುಚಿದಳು. ಬೇಗ ಬೇಗ ಬರೆಯುತ್ತಿದ್ದಳು. ಅವಳಿಗೆ ಈಗ ಯಾರ ಕೈಯೂ ಬೇಕಿರಲಿಲ್ಲ.

‘ಅವತ್ತೇ ನಿನಗೆ ಅನುಮಾನ ಇತ್ತಾ?’

ಇಲ್ಲ ಎನ್ನಬಹುದಿತ್ತು. ‘ಇತ್ತು ಸಾರ್’ ಎಂದೆ.

ಒಳಗೆ ಕುಕ್ಕರು ಕೂಗಿತು, ನಿಂತಿತು. ಹೋಗಲಿ ಬಿಡು ಎನ್ನುತ್ತಾರೆಂದು ನಾನು ಕಾದಿದ್ದೆ ಎಂದು ಕಾಣುತ್ತದೆ. ಅನ್ನಲಿಲ್ಲ. ಕೇಳಿದ್ದು ಬೇರೆ.

‘ಅದನ್ನೂ ಅಳಿಸ್ಬಿಟ್ಯಾ?’

ಇಲ್ಲ, ಇದೆ ಎಂದೆ.

‘ಅಳಿಸ್ಬೇಡ. ಯಜಮಾನ್ರು ಓದ್ಲಿ. ಓದಿ ಸಹಿ ಹಾಕ್ಲಿ. ಅಚ್ಚಾಯ್ತು ಅಂತ ಮೊಳೆ ಬಿಚ್ಚೋ ಹಾಗಿಲ್ಲ ಕಣಮ್ಮ, ಕೊಟ್ಟವರು ನೋಡಿ ಒಪ್ಪಿದ ಮೇಲೇ ಬಿಚ್ಬೇಕು. ಅದನ್ನ ನಿನಗೆ ಹೇಳಿರ್ಲಿಲ್ವಾ ನಾನು?’

ಮನೆಗೆ ಬಂದು ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ಹುಡುಕಿದೆ. ಅಂಗಡಿ ಸೇರಿದ ಮೊದಲ ವಾರದ ಪುಟದಲ್ಲಿ ಅವರು ಹೇಳಿದ್ದೆಂದು ಬರೆದುಕೊಂಡಿದ್ದೆ: ‘ಕೆಲಸ ಮುಗಿದ ಮೇಲೆ ಖಾನೆಗೆ ಹಾಕಬೇಕು.’ ಕೊಟ್ಟವರು ಒಪ್ಪಿದ ಮೇಲೆ ಎಂಬ ಮಾತು ಅಲ್ಲಿ ಇಲ್ಲ. ಅವರು ಹೇಳಿರಲಿಲ್ಲವೋ, ನಾನು ಅರ್ಧ ಮಾತ್ರ ಬರೆದುಕೊಂಡೆನೋ ತಿಳಿಯದು. ಕಾಗದ, ಕಂಪ್ಯೂಟರು ಎರಡರಲ್ಲೂ ಅದರ ಗುರುತಿಲ್ಲ.

ಮುಂದಿನ ಶನಿವಾರ, ಜೂನ್ ಹದಿನೇಳು, ಆ ಲಾಗನ್ನು ಒಂದು ಹಾಳೆಯ ಮೇಲೆ ಪ್ರಿಂಟು ತೆಗೆದೆ. ಇಂಗ್ಲಿಷಿನ ಆ ಸಾಲುಗಳ ಕೆಳಗೆ, ಇದರ ಅರ್ಥವೇನೆಂದು ಕನ್ನಡದಲ್ಲಿ ಐದು ಸಾಲು ಬರೆದೆ: ತಪ್ಪು ಫೋರ್‌ಮನ್ನರದಲ್ಲ, ನನ್ನದು. ಯಜಮಾನರ ಮುಂದೆ ಇಟ್ಟೆ. ಅವರು ಫೋನಿನಲ್ಲಿದ್ದರು, ಯಾರದೋ ಹುಟ್ಟುಹಬ್ಬದ ಬ್ಯಾನರಿನ ಅಳತೆ ಬರೆದುಕೊಳ್ಳುತ್ತಿದ್ದರು. ನಾನು ಹೇಳಿದ್ದಕ್ಕೆ ತಲೆಯಾಡಿಸಿದರು.

‘ಐದು ವರ್ಷ ಆಯ್ತಲ್ಲಮ್ಮ. ಈಗೇನು?’

‘ಓದಿ ಸಹಿ ಹಾಕ್ಬೇಕಂತೆ ಸಾರ್.’

ಅವರು ಪೆನ್ನು ತೆಗೆದು, ಗಿರಾಕಿಗಳು ಸಾವಿರಾರು ಪ್ರೂಫುಗಳ ಮೂಲೆಯಲ್ಲಿ ಹಾಕುತ್ತಿದ್ದ ಹಾಗೆಯೇ ‘ಸರಿ ಇದೆ’ ಎಂದು ಬರೆದು ಕೆಳಗೆ ಗೀಚಿದರು. ಓದಿ ಸಾರ್ ಎಂದೆ ಇನ್ನೊಮ್ಮೆ. ನೋಡಿದೀನಿ ಬಿಡಮ್ಮ ಎಂದು ಫೋನಿಗೆ ಮರಳಿದರು. ಕಣ್ಣು ಆ ಹಾಳೆಯ ಮೇಲೆ ಹಾದದ್ದು ಸಹಿಯ ಜಾಗ ಹುಡುಕಲು ಮಾತ್ರ.

ನಾನು ಒಳಗೆ ಹೋಗಿ ಬಚ್ಚಿಟ್ಟ ಫೋಲ್ಡರಿನ ನಲವತ್ತಾರು ಫೈಲನ್ನೂ ಅಳಿಸಿದೆ. ಸೋಮವಾರ ಗುಜರಿಯವರು ಬರುವವರಿದ್ದರು.

ಭಾನುವಾರ ಮತ್ತೆ ಮಾವಳ್ಳಿ. ಫೋರ್‌ಮನ್ ಜಗುಲಿಯಲ್ಲೇ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದು, ಪ್ರೂಫು ಓದುವ ಹಾಗೆ ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗೆ ಓದಿದರು. ನನ್ನ ಐದು ಸಾಲಿನಲ್ಲಿ ಒಂದು ಕಡೆ ಬೆರಳು ನಿಂತಿತು, ಮುಂದೆ ಹೋಯಿತು. ಸಹಿಯನ್ನು ಗುರುತು ಹಿಡಿದರು.

‘ಓದಿದ್ರಾ?’

‘ಓದಿದ್ರು ಸಾರ್. ಎರಡು ಸಲ.’

‘ಏನಂದ್ರು?’

‘ತಪ್ಪಾಯ್ತು, ವಿಚಾರಿಸ್ಬೇಕಿತ್ತು ಅಂದ್ರು.’

ಅವರು ತಲೆಯಾಡಿಸಿದರು. ಹೆಂಡತಿಯನ್ನು ಕರೆದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಂಚಾಂಗದೊಳಗೆ ಇಡಲು ಹೇಳಿದರು. ಅದನ್ನು ಇಡುವ ಮುಂಚೆ ಆಕೆ ಕಣ್ಣಿಗೊತ್ತಿಕೊಂಡದ್ದನ್ನು ನಾನು ನೋಡಿದೆ. ಹೊರಟಾಗ ಫೋರ್‌ಮನ್ ಗೇಟಿನವರೆಗೆ ಬಂದರು.

‘ಖಾನೆಗೆ ಹೋಯ್ತಾ?’ ಎಂದು ಕೇಳಿದರು.

‘ಹೋಯ್ತು ಸಾರ್.’

ಆ ದಿನದ ಪುಟದಲ್ಲಿ ಇಷ್ಟೇ ಇದೆ: ‘ಜೂನ್ ೧೮, ಭಾನುವಾರ. ಮಾವಳ್ಳಿ. ಬಸ್ಸು ೨. ಕಾಫಿ ೧.’ ಯಜಮಾನರು ಓದಲಿಲ್ಲ ಎಂಬುದನ್ನಾಗಲಿ, ನಾನು ಓದಿದರು ಎಂದದ್ದನ್ನಾಗಲಿ ಬರೆಯಲಿಲ್ಲ. ಇಲ್ಲಿಯವರೆಗೆ ಅದನ್ನು ಎಲ್ಲಿಯೂ ಬರೆದಿರಲಿಲ್ಲ.